ಶ್ರುತಿಪೆಟ್ಟಿಗೆ: ಮನೆಯಲ್ಲಿ ಕಟ್ಟಿದ ಸದ್ದು, ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಹನುಮಂತನಗರದ ನಮ್ಮ ಮನೆಯಲ್ಲಿ, ಅಡುಗೆಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ನಾನು ಕೂತು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಮೇಜಿನ ಬಗ್ಗೆ ಬರೆದಿದ್ದೆ. ಹಳೆಯ ಲ್ಯಾಪ್‌ಟಾಪ್, 25 ಕೀಲಿಗಳ ಕೀಬೋರ್ಡ್, ನಾನೇ ಸೋಲ್ಡರ್ ಮಾಡಿದ ನಾಲ್ಕು ಡಬ್ಬಿಗಳು. ಕಾರ್ಖಾನೆಯಲ್ಲಿ 22 ವರ್ಷ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡಿದ ಕೈ ಈಗ ಸದ್ದಿಗಾಗಿ ಅದೇ ಕೆಲಸ ಮಾಡುತ್ತಿದೆ ಎಂದು ಹೇಳಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆ ಬೇಸರವನ್ನು ನಾನೂ ಉಂಡಿದ್ದೇನೆ.

ಎರಡು ವರ್ಷಗಳಿಂದ, ಕಚೇರಿ ಕೆಲಸ ಮುಗಿದ ಮೇಲೆ ರಾತ್ರಿ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಿದ್ದೇನೆ. ಅಂತರಜಾಲದಲ್ಲಿ ಹವ್ಯಾಸಿಗಳು ಸೇರುವ ಗುಂಪುಗಳಲ್ಲಿ ಹನ್ನೊಂದು ತುಣುಕುಗಳನ್ನು ಹಂಚಿಕೊಂಡೆ. ‘ಚೆನ್ನಾಗಿದೆ’ ಎಂಬ ಒಂದು ಮಾತು, ಒಂದು ಹೆಬ್ಬೆರಳಿನ ಚಿತ್ರ. ಅದಕ್ಕಿಂತ ಹೆಚ್ಚು ಏನೂ ಬರುವುದಿಲ್ಲ. ಹಂಚಿಕೊಳ್ಳುವುದನ್ನೇ ನಿಲ್ಲಿಸಿಬಿಡಲೇ ಮೇಡಂ?
— ಸಾಫ್ಟ್‌ವೇರ್ ಉದ್ಯೋಗಿ, ಯಲಹಂಕ

ನಿಲ್ಲಿಸಬೇಡಿ. ಹಂಚುವ ಕ್ರಮವನ್ನು ಬದಲಿಸಿ ನೋಡಿ.

ನನ್ನ ಮೊದಲ ತುಣುಕು ಆರೂವರೆ ನಿಮಿಷದ್ದು. ಹಾಕಿ ಮೂರು ವಾರವಾದರೂ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ದಿನಕ್ಕೆ ಐದಾರು ಸಲ ತೆರೆದು ನೋಡುತ್ತಿದ್ದೆ. ಕೊನೆಗೆ ಧಾರವಾಡದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದರು: ‘ತಂಗಿ, ಒಂದು ನಿಮಿಷ ಹತ್ತು ಸೆಕೆಂಡಿಗೆ ಶಂಖದ ಹಾಗೆ ಏನೋ ಕೇಳಿಸುತ್ತದೆ. ಅದು ಯಾವ ವಾದ್ಯ?’ ಅದು ನಮ್ಮ ಮನೆಯ ಕುಕ್ಕರಿನ ಸೀಟಿ. ಅದನ್ನು ಎಂಟು ಪಟ್ಟು ನಿಧಾನ ಮಾಡಿದ್ದೆ. ಹಾಗೆ ಮಾಡಿದರೆ ಸದ್ದು ಸರಿಯಾಗಿ ಮೂರು ಸ್ಥಾಯಿ ಕೆಳಗಿಳಿಯುತ್ತದೆ. ಆ ಒಂದು ಸಾಲಿನ ಪ್ರಶ್ನೆಗೆ ನಾನು ಪುಟಗಟ್ಟಲೆ ಉತ್ತರ ಬರೆದೆ. ಮುಂದಿನ ವಾರ ಮೇಷ್ಟ್ರು ತಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದನ್ನು ಕಳುಹಿಸಿದರು. ಅದರ ಮೇಲೆ ನಾನು ತಾಳ ಕಟ್ಟಿದೆ, ಅವರು ಅದಕ್ಕೆ ಕೆಳಗಿನ ಸ್ವರಗಳನ್ನು ಸೇರಿಸಿದರು. ಈಗ ನಾವು ಒಂಬತ್ತು ಮಂದಿ ಇದ್ದೇವೆ. ಒಬ್ಬರನ್ನೊಬ್ಬರು ಮುಖತಃ ಕಂಡಿಲ್ಲ, ಆದರೆ ಎಲ್ಲರ ಮನೆಯ ಬಾಗಿಲು ಕಿರುಗುಟ್ಟುವುದು ಹೇಗೆಂದು ಎಲ್ಲರಿಗೂ ಗೊತ್ತು.

ನಿಮ್ಮ ಪತ್ರದೊಂದಿಗೆ ಬಂದ ಮೂರು ತುಣುಕುಗಳನ್ನು ಹೆಡ್‌ಫೋನ್ ಹಾಕಿಕೊಂಡು ಎರಡೆರಡು ಸಲ ಕೇಳಿದೆ. ಕೆಲಸ ಅಚ್ಚುಕಟ್ಟಾಗಿದೆ. ತೊಡಕೆಂದರೆ, ಕೇಳಿದವರಿಗೆ ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯುವುದಿಲ್ಲ. ಹಿಡಿಯಿಲ್ಲದ ಬಿಸಿ ಪಾತ್ರೆಯನ್ನು ಯಾರ ಕೈಗಾದರೂ ಕೊಟ್ಟರೆ ಅವರು ಏನು ಮಾಡಿಯಾರು? ‘ಹೇಗಿದೆ?’ ಎಂದು ಕೇಳುವುದನ್ನು ಬಿಡಿ. ‘ಎರಡನೇ ನಿಮಿಷದಲ್ಲಿ ತಾಳ ಬದಲಾಗುವಾಗ ಎಡವಿದಂತೆ ಅನ್ನಿಸುತ್ತದೆಯೇ?’ ಎಂದು ಕೇಳಿ. ಮುಗಿಯದ ತುಣುಕನ್ನೂ ಹಾಕಿ. ಮುಗಿದ ಕೆಲಸಕ್ಕೆ ಜನ ಹೊಗಳಿಕೆ ಕೊಟ್ಟು ಮುಂದೆ ಹೋಗುತ್ತಾರೆ, ಅರ್ಧ ಕೆಲಸ ಕಂಡರೆ ಕೈಹಾಕಬೇಕೆನಿಸುತ್ತದೆ.

ಇನ್ನೊಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗಾಗಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ತಂತ್ರಾಂಶ ಮಾಡಿದರು. ಅದರ ದಾರಿಯಲ್ಲಿ ಬಂದ ‘ಮಾಡ್’ ಕಡತಗಳಲ್ಲಿ ನಾಲ್ಕೇ ಪದರ, ಅಂದರೆ ಒಟ್ಟಿಗೆ ನುಡಿಯುವ ನಾಲ್ಕೇ ಸದ್ದಿನ ಸಾಲು. ಆದರೆ ಬಳಸಿದ ಸದ್ದಿನ ತುಣುಕುಗಳು, ಸ್ವರಗಳು, ಅವು ಬರುವ ಕ್ರಮ ಎಲ್ಲವೂ ಆ ಒಂದೇ ಕಡತದೊಳಗೆ ಇರುತ್ತಿದ್ದವು. ಫ್ಲಾಪಿ ಕೈಗೆ ಬಂದವರು ಹಾಡನ್ನು ಕೇಳುವುದರ ಜೊತೆಗೆ ಬಿಚ್ಚಿಯೂ ನೋಡಬಹುದಿತ್ತು: ಈ ಸ್ವರ ಇಲ್ಲಿ ಏಕೆ ಬಂತು, ಈ ಡೋಲು ಎಲ್ಲಿಂದ ಬಂತು. ಸದ್ದುಗಳಿಗೆ ಹೆಸರು ಬರೆಯಲು ಇದ್ದ ಜಾಗದಲ್ಲಿ ಎಷ್ಟೋ ಮಂದಿ ಸ್ನೇಹಿತರಿಗೆ ನಾಲ್ಕು ಸಾಲಿನ ಓಲೆ ಬರೆಯುತ್ತಿದ್ದರು. ನಾವೀಗ ಹಂಚುವ ಎಂಪಿ3 ಮುಚ್ಚಿದ ಡಬ್ಬಿ. ಅದಕ್ಕಾಗಿ ನಮ್ಮ ಒಂಬತ್ತು ಮಂದಿಯಲ್ಲಿ ಒಂದು ಕಟ್ಟಳೆ ಇದೆ: ಕೇಳಲು ಎಂಪಿ3, ಅದರ ಜೊತೆಗೆ ಬಿಡಿ ಪದರಗಳ ವೇವ್ ಕಡತಗಳು, ಅಂದರೆ ಸದ್ದನ್ನು ಕುಗ್ಗಿಸದೆ ಇಟ್ಟ ಕಡತಗಳು. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಮೂರು ನಿಮಿಷದ ತುಣುಕಿಗೆ ಎಂಟು ಪದರವೆಂದರೆ ಸುಮಾರು 250 ಎಂಬಿ. ಇಂದಿನ ಸಂಪರ್ಕಕ್ಕೆ ಅದು ಭಾರವಲ್ಲ. ಪದರಗಳನ್ನು ಕೊಟ್ಟ ದಿನದಿಂದ ಉತ್ತರಗಳು ಬೇರೆ ಬಗೆಯಲ್ಲಿ ಬರತೊಡಗುತ್ತವೆ: ‘ನಿಮ್ಮ ಮೂರನೇ ಪದರವನ್ನು ತಿರುಗುಮುರುಗು ಮಾಡಿದೆ, ಕೇಳಿ ನೋಡಿ’ ಎನ್ನುತ್ತಾರೆ.

ನಿಮ್ಮದನ್ನು ಹಾಕುವ ಮೊದಲು ಬೇರೆಯವರ ಮೂರು ತುಣುಕುಗಳನ್ನು ಕೊನೆಯವರೆಗೆ ಕೇಳಿ, ನಿಮಿಷ–ಸೆಕೆಂಡು ಸಮೇತ ಬರೆಯಿರಿ. ಹನ್ನೊಂದು ಹಾಕಿದ್ದೀರಿ ಎಂದಿರಿ. ಎಷ್ಟಕ್ಕೆ ಬರೆದಿರಿ ಎಂದು ಪತ್ರದಲ್ಲಿ ಹೇಳಿಲ್ಲ.

ಒಂದು ಸಣ್ಣ ಸಂಗತಿ. ನಿಮ್ಮ ‘ಮಳೆ’ ತುಣುಕಿನ ಬೇಸ್, ಅಂದರೆ ತಗ್ಗು ಸ್ವರಗಳ ಭಾಗ, ಪೂರ್ತಿ 60 ಹರ್ಟ್ಸಿನ (ಸೆಕೆಂಡಿಗೆ 60 ಕಂಪನಗಳ) ಆಸುಪಾಸಿನಲ್ಲಿದೆ. ಬಸ್ಸಿನಲ್ಲಿ ಮೊಬೈಲ್ ಸ್ಪೀಕರಿನಿಂದ ಕೇಳುವವರಿಗೆ ಅದು ಇಲ್ಲವೇ ಇಲ್ಲ. ಅದೇ ಸ್ವರಗಳನ್ನು ಒಂದು ಸ್ಥಾಯಿ ಮೇಲೆ ಮೆಲ್ಲಗೆ ಸೇರಿಸಿ, ಇಲ್ಲವೇ ತುಸು ಡಿಸ್ಟಾರ್ಷನ್ ಕೊಟ್ಟು ಸದ್ದನ್ನು ಒರಟು ಮಾಡಿ. ಅಷ್ಟರಿಂದಲೇ ಬೇಸ್ ಇದೆಯೆಂಬುದು ಚಿಕ್ಕ ಸ್ಪೀಕರಿನಲ್ಲೂ ತಿಳಿಯುತ್ತದೆ.

ದುಬಾರಿ ತಂತ್ರಾಂಶವಿಲ್ಲದೆ ಮನೆಯಲ್ಲಿ ಹೀಗೆ ಸಂಗೀತ ಕಟ್ಟಲು ಸಾಧ್ಯವೇ?
— ಗೃಹಿಣಿ, ವಿಜಯನಗರ

ಧಾರಾಳವಾಗಿ. ಧ್ವನಿಮುದ್ರಿಸಿ ಕತ್ತರಿಸಲು ಆಡಾಸಿಟಿ, ಸಂಗೀತ ಕಟ್ಟಲು ಎಲ್‌ಎಂಎಂಎಸ್, ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಸದ್ದಿಗೆ ಸರ್ಜ್ ಎಕ್ಸ್‌ಟಿ. ಮೂರೂ ಉಚಿತ. ಕೈಯಲ್ಲಿರುವ ಹಣವನ್ನು ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಮನೆಯವರ ನಿದ್ದೆಯೂ ಉಳಿಯುತ್ತದೆ.

ಧ್ವನಿಮುದ್ರಣದಲ್ಲಿ ಸದಾ ‘ಗುಂಯ್’ ಎಂಬ ಸದ್ದು. ಮೈಕ್ ಬದಲಿಸಿದೆ, ಹೋಗಲಿಲ್ಲ.
— ಓದುಗರು, ಕೆಂಗೇರಿ

ಅದು ನಮ್ಮ ಗೋಡೆಯೊಳಗಿನ ವಿದ್ಯುತ್ತಿನ ದನಿ. ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಆ ಸದ್ದು 50, 100, 150 ಹರ್ಟ್ಸುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿ. ಸದ್ದು ಹೋದರೆ ತಂಟೆ ಚಾರ್ಜರಿನದೇ. ಹೋಗದಿದ್ದರೆ ಎಲ್ಲ ಸಲಕರಣೆಗಳನ್ನು ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ, ಮೈಕಿನ ತಂತಿಯನ್ನು ವಿದ್ಯುತ್ ತಂತಿಯ ಪಕ್ಕದಲ್ಲೇ ಎಳೆಯಬೇಡಿ. ಕೆಲವರು ಪ್ಲಗ್ಗಿನ ಮೂರನೇ ಕಾಲನ್ನು, ಅಂದರೆ ಅರ್ತ್ ಪಿನ್ನನ್ನು, ತೆಗೆದುಹಾಕಲು ಹೇಳುತ್ತಾರೆ. ಎಂದಿಗೂ ಹಾಗೆ ಮಾಡಬೇಡಿ. ಅದು ಜೀವ ಕಾಯುವ ಕಾಲು.

ಈ ಸದ್ದಿನ ಮೇಲೆ ನನಗೆ ಪ್ರೀತಿಯೂ ಇದೆ. 50 ಹರ್ಟ್ಸ್ ಎಂದರೆ ಕೀಬೋರ್ಡಿನ ಕೆಳಗಿನ ‘ಜಿ’ ಸ್ವರಕ್ಕಿಂತ ಒಂದು ಕೂದಲೆಳೆ ಮೇಲೆ. ನಮ್ಮ ಗುಂಪಿನ ಒಬ್ಬರು ಇರುವುದು ಅಮೆರಿಕದಲ್ಲಿ. ಅಲ್ಲಿ ವಿದ್ಯುತ್ತು 60 ಹರ್ಟ್ಸ್. ಆ ಗುಂಯ್ ಕೀಬೋರ್ಡಿನ ಯಾವ ಕೀಲಿಗೂ ಸಿಗದೆ ‘ಎ ಶಾರ್ಪ್’ ಮತ್ತು ‘ಬಿ’ಗಳ ನಟ್ಟನಡುವೆ ನಿಲ್ಲುತ್ತದೆ. ಇಬ್ಬರ ಮನೆಯ ಗುಂಯ್‌ಗಳನ್ನು ಕೂಡಿಸಿ ಒಂದು ತುಣುಕನ್ನೇ ಮಾಡಿದ್ದೇವೆ. ಮನೆಯಲ್ಲಿ ಅದನ್ನು ಕೇಳಿದ ನನ್ನ ಅತ್ತೆ, ‘ತಂಬೂರಿ ಮೀಟಿದ ಹಾಗಿದೆ’ ಎಂದರು.

ನಾನು ಸಂಗೀತ ಪಾಠ ಹೇಳುತ್ತೇನೆ. ಶಿಷ್ಯನೊಬ್ಬ ಕಂಪ್ಯೂಟರಿನಲ್ಲಿ ತೋಡಿ ರಾಗ ಮಾಡಿ ತಂದ. ಸ್ವರಗಳೆಲ್ಲ ಇದ್ದವು, ತೋಡಿ ಇರಲಿಲ್ಲ. ಯಂತ್ರದಿಂದ ಗಮಕ ಸಾಧ್ಯವೇ?
— ಸಂಗೀತ ಶಿಕ್ಷಕಿ, ಮಲ್ಲೇಶ್ವರ

ನಿಮ್ಮ ಕಿವಿಗೆ ನಮಸ್ಕಾರ. ತೋಡಿಯ ಗಾಂಧಾರ (‘ಗ’ ಸ್ವರ) ಒಂದೆಡೆ ನಿಲ್ಲುವ ಸ್ವರವಲ್ಲ, ಓಲಾಡುವ ಸ್ವರ. ಆ ಓಲಾಟವೇ ಗಮಕ. ಕೀಬೋರ್ಡಿಗೂ ಕಂಪ್ಯೂಟರಿಗೂ ನಡುವಿನ ಮಾತುಕತೆಗೆ ಬಳಸುವ ಮಿಡಿ ಎಂಬ ಪದ್ಧತಿ 1983ರದ್ದು. ಅದಕ್ಕೆ ಗೊತ್ತಿರುವುದು ಪಿಯಾನೋದಂತೆ ಮೆಟ್ಟಿಲು ಮೆಟ್ಟಿಲಾದ ಸ್ವರಗಳು. ಮೆಟ್ಟಿಲುಗಳ ನಡುವೆ ಜಾರಲು ‘ಪಿಚ್ ಬೆಂಡ್’ ಎಂಬ ಸೌಲಭ್ಯವನ್ನು ಅದರಲ್ಲೇ ಕೊಟ್ಟಿದ್ದಾರೆ. ಅದರಲ್ಲಿ 16,384 ಹಂತಗಳಿವೆ, ಆದ್ದರಿಂದ ಸೂಕ್ಷ್ಮತೆಗೆ ಕೊರತೆಯಿಲ್ಲ. ಕೊರತೆಯಿರುವುದು ಹರವಿನಲ್ಲಿ: ಸಾಮಾನ್ಯವಾಗಿ ಅದು ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳಿಗೆ (ಕೀಬೋರ್ಡಿನ ಒಂದೊಂದು ಕೀಲಿಯ ಅಂತರಕ್ಕೆ) ಸೀಮಿತವಾಗಿರುತ್ತದೆ. ಅದನ್ನು ಹನ್ನೆರಡಕ್ಕೆ ಹಿಗ್ಗಿಸಲು ಹುಡುಗನಿಗೆ ಹೇಳಿ.

ಆಮೇಲೆ ನೀವು ಅವನಿಗಾಗಿ ಆ ಗಾಂಧಾರವನ್ನು ನಾಲ್ಕು ಸೆಕೆಂಡು ಹಾಡಿಕೊಡಿ. ಸಾನಿಕ್ ವಿಶುವಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ಪಿವೈಐಎನ್ ಎಂಬ ಪ್ಲಗಿನ್ (ಪುಟ್ಟ ಪೂರಕ ತಂತ್ರಾಂಶ) ಸೇರಿಸಿಕೊಂಡರೆ ನಿಮ್ಮ ದನಿ ಏರಿಳಿದ ಗೆರೆ ಪರದೆಯ ಮೇಲೆ ಮೂಡುತ್ತದೆ. ಆ ಗೆರೆಯನ್ನು ನೋಡಿ ಅವನು ಪಿಚ್ ಬೆಂಡನ್ನು ಕೈಯಿಂದ ಎಳೆಯಲಿ. ಮೊದಲ ಹತ್ತು ಸಲ ತೂಗುಯ್ಯಾಲೆಯ ಹಾಗೆ ಒಂದೇ ಸಮನಾಗಿ ಬರುತ್ತದೆ, ಅದು ಗಮಕವಲ್ಲ. ಎಲ್ಲಿ ನಿಧಾನಿಸುತ್ತದೆ, ಎಲ್ಲಿ ಮುಟ್ಟಿ ಹಿಂದಿರುಗುತ್ತದೆ ಎಂಬುದನ್ನು ನೀವು ಪಕ್ಕದಲ್ಲಿ ಕೂತು ತೋರಿಸಬೇಕು. ಆ ಪಾಠ ಯಂತ್ರದಿಂದ ಸಿಗದು. ಅವನು ಅದನ್ನು ಗೆಳೆಯರಿಗೆ ಕಳುಹಿಸುವಾಗ ಮಿಡಿ ಕಡತದ ಜೊತೆ ವೇವ್ ಕೂಡ ಇರಲಿ. ಅವರ ಸಿಂಥಸೈಜರಿನಲ್ಲಿ ಹರವು ಎರಡೇ ಇದ್ದರೆ ನಿಮ್ಮ ತೋಡಿ ಅಲ್ಲಿ ಮುದುಡಿಕೊಂಡು ಕೇಳಿಸುತ್ತದೆ.

ಇನ್ನು, ಯಂತ್ರದ ಮೇಲೆ ಮುನಿಸು ಬೇಡ. ನಿಮ್ಮ ಪಾಠದ ಕೋಣೆಯಲ್ಲಿ ಶ್ರುತಿ ಹಿಡಿಯುವ ಎಲೆಕ್ಟ್ರಾನಿಕ್ ತಂಬೂರಿ ನಮ್ಮ ಬೆಂಗಳೂರಿನದೇ ಕೂಸು. 1979ರಲ್ಲಿ ಅದನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು.

ಅಮ್ಮನ ಹಳೆಯ ಕ್ಯಾಸೆಟ್ಟಿನಿಂದ ಪುರಂದರದಾಸರ ಪದವೊಂದರ ಎರಡು ಸಾಲು ತೆಗೆದು ನನ್ನ ತುಣುಕಿಗೆ ಸೇರಿಸಿದ್ದೇನೆ. ದಾಸರ ಪದಕ್ಕೆ ಯಾರ ಅಪ್ಪಣೆ ಬೇಕು?
— ವಿದ್ಯಾರ್ಥಿನಿ, ಜಯನಗರ

ದಾಸರು ಹದಿನಾರನೇ ಶತಮಾನದವರು, ಸಾಹಿತ್ಯ ಎಲ್ಲರದ್ದು. ಆದರೆ ಕ್ಯಾಸೆಟ್ಟಿನಲ್ಲಿರುವ ಧ್ವನಿಮುದ್ರಣ ಬೇರೆಯದೇ ಆಸ್ತಿ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಧ್ವನಿಮುದ್ರಣ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಅದರ ಹಕ್ಕು ಉಳಿಯುತ್ತದೆ. ಈಗ ಹಾಡುವ ಎಷ್ಟೋ ರಾಗಸಂಯೋಜನೆಗಳೂ ಇಪ್ಪತ್ತನೇ ಶತಮಾನದವು, ಅದನ್ನೂ ನೋಡಿಕೊಳ್ಳಬೇಕು. ಕ್ಯಾಸೆಟ್ ಬಿಟ್ಟುಬಿಡಿ ಮಗಳೇ. ಅಮ್ಮನಿಂದಲೇ ಅವರ ಅಜ್ಜಿ ಹೇಳಿಕೊಟ್ಟ ಧಾಟಿಯಲ್ಲಿ ಆ ಎರಡು ಸಾಲು ಹಾಡಿಸಿ, ಮೊಬೈಲಿನಲ್ಲಿ ಮುದ್ರಿಸಿ. ಫ್ಯಾನ್ ಆರಿಸಿ, ದಪ್ಪ ಹೊದಿಕೆಗಳಿರುವ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕೂರಿಸಿದರೆ ಗೋಡೆಯ ಮಾರ್ದನಿ ಕಡಿಮೆಯಾಗುತ್ತದೆ.

ಬೇರೆ ಸದ್ದುಗಳು ಬೇಕಾದರೆ ಫ್ರೀಸೌಂಡ್ ತಾಣವಿದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಆರಂಭಿಸಿದ್ದು. ಪ್ರತಿ ಸದ್ದಿನ ಕೆಳಗೂ ಅದರ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಬರೆದಿರುತ್ತದೆ: ಕೆಲವನ್ನು ಹೇಗೆ ಬೇಕಾದರೂ ಬಳಸಬಹುದು, ಕೆಲವಕ್ಕೆ ಹೆಸರು ಹೇಳಲೇಬೇಕು, ಕೆಲವನ್ನು ಹಣ ಮಾಡಲು ಬಳಸುವಂತಿಲ್ಲ. ನಿಮ್ಮದನ್ನು ಹಂಚುವಾಗ ನೀವೂ ಒಂದನ್ನು ಆರಿಸಿ ಬರೆಯಿರಿ. ಹಾಗೆಯೇ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹೂವು ಮಾರುವವರ ಕೂಗನ್ನು ಮುದ್ರಿಸಿಕೊಳ್ಳಲು ಹೋದಾಗ ನಾನು ಮೊದಲು ಒಂದು ಮೊಳ ಹೂವು ಕೊಂಡು, ಕೇಳಿ, ಆಮೇಲೆ ಮೊಬೈಲ್ ತೆಗೆಯುತ್ತೇನೆ. ಕಳೆದ ಸಲ ಒಬ್ಬ ಅಜ್ಜಿ ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿ, ‘ಇನ್ನೊಂದು ಸಲ ಕೂಗುತ್ತೇನೆ, ಇದು ಸರಿ ಬಂದಿಲ್ಲ’ ಎಂದು ಎದ್ದು ನಿಂತು ಕೂಗಿದರು. ಆ ಎರಡನೆಯ ಕೂಗೇ ನನ್ನ ತುಣುಕಿನಲ್ಲಿದೆ.

ನಾನು ಒಂಬತ್ತನೇ ತರಗತಿ. 400 ರೂಪಾಯಿ ಕೂಡಿಟ್ಟಿದ್ದೇನೆ. ಸದ್ದು ಮಾಡುವ ಒಂದು ಯಂತ್ರವನ್ನು ನಾನೇ ಮಾಡಬೇಕು ಆಂಟಿ.
— ವಿದ್ಯಾರ್ಥಿ, ರಾಜಾಜಿನಗರ

ಸಾಕು ಪುಟ್ಟ, ನಿನ್ನ ಹಣ ಸಾಕು. ಶನಿವಾರ ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗು. ನಿಮ್ಮ ಕಡೆಯಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲೋ ಮುಂದಿನ ಮಾರುಕಟ್ಟೆ ನಿಲ್ದಾಣದಲ್ಲೋ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಚೀಟಿಯಲ್ಲಿ ಹೀಗೆ ಬರೆದುಕೋ: 555 ಐಸಿ ಎಂಬ ಪುಟ್ಟ ಚಿಪ್ ಎರಡು (ಒಂದು ಸುಟ್ಟರೆ ಇನ್ನೊಂದು ಇರಲಿ), ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ), ಜಂಪರ್ ತಂತಿಗಳು, 100ಕೆ ಪಾಟ್ (ತಿರುಗಿಸುವ ಗುಂಡಿಯ ರೆಸಿಸ್ಟರ್), 1ಕೆ, 10ಕೆ ಮತ್ತು 100 ಓಮ್ ರೆಸಿಸ್ಟರುಗಳು, 104 ಎಂದು ಬರೆದಿರುವ ಕೆಪಾಸಿಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್, 8 ಓಮ್ ಸ್ಪೀಕರ್, 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್.

ಐಸಿಯ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆಯ ಮೇಲಿನದು 1ನೇ ಕಾಲು. ಅಲ್ಲಿಂದ ಕೆಳಗೆ ಎಣಿಸು, ಬಲಗಡೆ ಕೆಳಗಿನಿಂದ ಮೇಲಕ್ಕೆ ಬಾ. ಬ್ಯಾಟರಿಯ ಕೆಂಪು ತಂತಿ 8ಕ್ಕೆ, ಕಪ್ಪು 1ಕ್ಕೆ. 4ನ್ನು 8ಕ್ಕೆ, 2ನ್ನು 6ಕ್ಕೆ ಸೇರಿಸು. 8 ಮತ್ತು 7ರ ನಡುವೆ 10ಕೆ. 7 ಮತ್ತು 6ರ ನಡುವೆ 1ಕೆ, ಅದರ ತುದಿಗೆ ಸಾಲಾಗಿ ಪಾಟ್ (ಅದರ ನಡುಗಾಲು ಮತ್ತು ಒಂದು ಪಕ್ಕದ ಕಾಲು). 6ರಿಂದ 1ಕ್ಕೆ 104. 3ನೇ ಕಾಲಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ (ಅದರ ಉದ್ದ ಕಾಲು 3ರ ಕಡೆಗೆ), ಆಮೇಲೆ 100 ಓಮ್, ಆಮೇಲೆ ಸ್ಪೀಕರ್, ಸ್ಪೀಕರಿನ ಇನ್ನೊಂದು ತುದಿ 1ಕ್ಕೆ. ಪಾಟ್ ತಿರುಗಿಸಿದರೆ ಸದ್ದು ಸುಮಾರು 68 ಹರ್ಟ್ಸಿನಿಂದ 1,200 ಹರ್ಟ್ಸಿನವರೆಗೆ ಓಡಾಡುತ್ತದೆ. ಅಂದರೆ ನಾಲ್ಕು ಸ್ಥಾಯಿಗಳು ನಿನ್ನ ಒಂದು ಬೆರಳಿನ ತುದಿಯಲ್ಲಿ.

ಸದ್ದು ಬಂದರೆ ಒಂದು ನಿಮಿಷ ಮುದ್ರಿಸಿ ಕಳುಹಿಸು, ನಮ್ಮ ಒಂಬತ್ತು ಮಂದಿಯೂ ಕೇಳುತ್ತೇವೆ. ಬಾರದಿದ್ದರೆ ಬ್ರೆಡ್‌ಬೋರ್ಡಿನ ಫೋಟೋ ಕಳುಹಿಸು. ಹೆಚ್ಚಾಗಿ 4ನ್ನು 8ಕ್ಕೆ ಸೇರಿಸುವುದು ಮರೆತಿರುತ್ತದೆ.