ಆ ಉದಾಹರಣೆ ಕೋಡ್‌ನಲ್ಲಿ ರಿಟೇನ್ ಆನ್ ಇದೆ, ಮೊದಲು ಅದನ್ನು ತೆಗೆಯಿರಿ

ನಿನ್ನೆ ರಾತ್ರಿ ನೀವು ಗುಂಪಿಗೆ ಹಾಕಿದ ಎಂಕ್ಯೂಟಿಟಿ (ಸಾಧನಗಳು ಮೆಸೇಜ್ ಕಳಿಸಿಕೊಳ್ಳುವ ಪದ್ಧತಿ) ಲೈಬ್ರರಿ ನೋಡಿದೆ. ಇಎಸ್‌ಪಿ32 ಅನ್ನುವ ವೈಫೈ ಇರುವ ಪುಟ್ಟ ಬೋರ್ಡ್‌ನಿಂದ ಪಂಪ್‌ಸೆಟ್ ಆನ್-ಆಫ್ ಮಾಡುವುದು. ಕೋಡ್ ಬಗ್ಗೆ ನನ್ನ ದೊಡ್ಡ ತಕರಾರಿಲ್ಲ. "ಡಾಕ್ಯುಮೆಂಟೇಶನ್ ಇನ್ನೂ ಚೆನ್ನಾಗಿ ಮಾಡುವುದು ಹೇಗೆ" ಅಂತ ಕೇಳಿದ್ದೀರಿ. ಕೆಳಗೆ ಎಂಟು ಜನ "ಸೂಪರ್" ಅಂದಿದ್ದಾರೆ. ಒಬ್ಬರೂ ರೀಡ್‌ಮಿ (ಕೋಡ್ ಜೊತೆಗಿನ ವಿವರಣೆ ಫೈಲ್) ಪೂರ್ತಿ ಓದಿದ ಹಾಗೆ ಕಾಣುವುದಿಲ್ಲ. ಮೊದಲ ಉದಾಹರಣೆಯಲ್ಲೇ ಮೋಟರ್ ಆನ್ ಕಮಾಂಡ್‌ಗೆ ರಿಟೇನ್ ಟ್ರೂ ಕೊಟ್ಟಿದ್ದೀರಿ. ಅಂದರೆ ಕೊನೆಯ ಮೆಸೇಜನ್ನು ಬ್ರೋಕರ್ (ಮಧ್ಯೆ ಕೂತು ಮೆಸೇಜ್ ಹಂಚುವ ಪ್ರೋಗ್ರಾಂ) ಇಟ್ಟುಕೊಂಡು, ಆಮೇಲೆ ಬಂದವರಿಗೂ ಕೊಡುತ್ತದೆ. ರೀಡ್‌ಮಿಯಲ್ಲಿ ಅದರ ವಿವರಣೆ: "ರಿಟೇನ್: ಮೆಸೇಜನ್ನು ರಿಟೇನ್ ಮಾಡಬೇಕೇ ಬೇಡವೇ." ಇದೇ ಸಾಲು ನಾನೂ ಬರೆದಿದ್ದೆ. ಅದರಿಂದ ಒಂದು ಮೋಟರ್ ಸುಟ್ಟಿದೆ.

ಪಾಂಡವಪುರದ ಹತ್ತಿರ ನಮ್ಮ ಮಾವನವರ ಕಬ್ಬಿನ ಗದ್ದೆ. ನಾನು ಮೈಸೂರಿನಲ್ಲಿ ಕೂತು ಕೋಡ್ ಬರೆದೆ. ಮೇಜಿನ ಮೇಲೆ ಟೆಸ್ಟ್ ಮಾಡುವಾಗ ಬೋರ್ಡನ್ನು ಪದೇ ಪದೇ ರೀಸೆಟ್ ಮಾಡಬೇಕಿತ್ತು. ಪ್ರತಿ ಸಲ ಆನ್ ಕಳಿಸಿ ಕಳಿಸಿ ಬೇಜಾರಾಗಿ ರಿಟೇನ್ ಹಾಕಿಬಿಟ್ಟೆ. ಬೋರ್ಡ್ ಎದ್ದ ತಕ್ಷಣ ಮೆಸೇಜ್ ಬರುತ್ತಿತ್ತು, ಎಲ್‌ಇಡಿ ಹತ್ತಿಕೊಳ್ಳುತ್ತಿತ್ತು, ನನಗೆ ಖುಷಿ. ಅದೇ ಕೋಡನ್ನು ರೀಡ್‌ಮಿಗೆ ಅಂಟಿಸಿದೆ. ಬಾಮೈದ ಅದನ್ನು ಕಾಪಿ ಮಾಡಿದ, ವೈಫೈ ಪಾಸ್‌ವರ್ಡ್ ಬದಲಾಯಿಸಿದ, ಊರಲ್ಲಿ ಹಾಕಿದ. ಕೆಳಗಿನ ವಿವರಣೆ ಓದಲಿಲ್ಲ. ಯಾರು ತಾನೇ ಓದುತ್ತಾರೆ?

ಎರಡು ವಾರ ಏನೂ ಆಗಲಿಲ್ಲ. ಒಂದು ಸಂಜೆ ಫೋನಿನಿಂದ ಮೋಟರ್ ಹಾಕಿದ. ಅರ್ಧ ಗಂಟೆಯಲ್ಲಿ ತ್ರೀ ಫೇಸ್ ಹೋಯಿತು, ಮೋಟರ್ ನಿಂತಿತು. ನಿಂತ ಮೋಟರನ್ನು ಯಾರಾದರೂ ಆಫ್ ಮಾಡುತ್ತಾರಾ? ಉಂಡು ಮಲಗಿದ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು. ಬೋರ್ಡ್ ಎದ್ದಿತು, ಬ್ರೋಕರ್‌ಗೆ ಕನೆಕ್ಟ್ ಆಯಿತು, ಕಮಾಂಡ್ ಬರುವ ಟಾಪಿಕ್‌ಗೆ (ಮೆಸೇಜ್‌ನ ವಿಳಾಸ ಅನ್ನಿ) ಸಬ್‌ಸ್ಕ್ರೈಬ್ ಮಾಡಿತು. ಬ್ರೋಕರ್ ಜೋಪಾನವಾಗಿ ಇಟ್ಟುಕೊಂಡಿದ್ದ ಕೊನೆಯ ಮೆಸೇಜ್ ತೆಗೆದು ಕೊಟ್ಟಿತು: ಆನ್. ಆಗ ವಿ.ಸಿ. ನಾಲೆಗೆ ನೀರು ಬಿಟ್ಟಿರಲಿಲ್ಲ, ಬಾವಿಯಲ್ಲಿ ತಳ ಕಾಣುತ್ತಿತ್ತು. ಬೆಳಗಿನವರೆಗೂ ಮೋಟರ್ ನೀರಿಲ್ಲದೆ ಓಡಿದೆ. ಮಾವ ಫೋನ್ ಮಾಡಿದಾಗ ಬೈಯಲಿಲ್ಲ. "ಅಳಿಯಂದಿರೇ, ನಿಮ್ಮ ಮೋಟರು ವಾಸನೆ ಹೊಡೀತಾ ಅದೆ" ಅಂದರು, ಅಷ್ಟೇ. ಹಿಂದಿನ ದಿನದವರೆಗೂ ಅದು ಅವರ ಮೋಟರಾಗಿತ್ತು. ರೀವೈಂಡಿಂಗ್ ದುಡ್ಡು ನಾನು ಕೊಟ್ಟೆ.

ಆದ್ದರಿಂದ ಉದಾಹರಣೆಯಲ್ಲಿ ಕಮಾಂಡ್‌ಗೆ ರಿಟೇನ್ ಬೇಡ. ಮೋಟರ್ ಈಗ ಓಡುತ್ತಿದೆಯೋ ಇಲ್ಲವೋ ಅನ್ನುವ ಸ್ಥಿತಿಗೆ ಇರಲಿ, ಫೋನ್ ಆ್ಯಪ್ ತೆಗೆದ ಕೂಡಲೇ ಗೊತ್ತಾಗುತ್ತದೆ. ಟ್ಯಾಂಕ್ ಮಟ್ಟ ಇಷ್ಟಕ್ಕೆ ನಿಲ್ಲಬೇಕು ಅನ್ನುವಂಥ ಸೆಟ್ಟಿಂಗ್‌ಗೂ ರಿಟೇನ್ ಸರಿಯೇ. ಆದರೆ ರಿಟೇನ್ ತೆಗೆದೆ, ಇನ್ನು ನಿಶ್ಚಿಂತೆ ಅಂದುಕೊಳ್ಳಬೇಡಿ. ಕ್ಲೀನ್ ಸೆಷನ್ ಫಾಲ್ಸ್ ಮಾಡಿ (ಕನೆಕ್ಷನ್ ಹೋದರೂ ನನ್ನನ್ನು ನೆನಪಿಟ್ಟುಕೋ ಅಂತ ಬ್ರೋಕರ್‌ಗೆ ಹೇಳಿ), ಕ್ಯೂಓಎಸ್ 1ರಲ್ಲಿ (ಒಪ್ಪಿಗೆ ಬರುವವರೆಗೆ ಮೆಸೇಜ್ ಬಿಡದ ಮಟ್ಟ; 0 ಅಂದರೆ ಒಮ್ಮೆ ಕಳಿಸಿ ಮರೆಯುವುದು) ಸಬ್‌ಸ್ಕ್ರೈಬ್ ಆಗಿದ್ದರೆ, ಬೋರ್ಡ್ ಮಲಗಿದ್ದಾಗ ಕ್ಯೂಓಎಸ್ 1ರಲ್ಲಿ ಬಂದ ಕಮಾಂಡ್‌ಗಳನ್ನೂ ಬ್ರೋಕರ್ ಸಾಲಾಗಿ ಇಟ್ಟುಕೊಂಡು ಆಮೇಲೆ ಕೊಡುತ್ತದೆ. ಮತ್ತೆ ಅದೇ ರಾತ್ರಿ ಎರಡು ಗಂಟೆ. ಎಂಕ್ಯೂಟಿಟಿ 5ರಲ್ಲಿ ಮೆಸೇಜ್‌ಗೆ ಅವಧಿ ಕೊಡಬಹುದು. ಆದರೆ ನೀವು ಒಳಗೆ ಬಳಸಿರುವುದು ಪಬ್‌ಸಬ್‌ಕ್ಲೈಂಟ್ ಅನ್ನುವ ಲೈಬ್ರರಿ ಅಲ್ವಾ, ಅದು ಎಂಕ್ಯೂಟಿಟಿಯ ಹಿಂದಿನ ವರ್ಷನ್ 3.1.1ರಲ್ಲೇ ನಿಂತಿದೆ. ಹಾಗಾಗಿ ಕಳಿಸಿದ ಸಮಯವನ್ನು ಮೆಸೇಜ್ ಒಳಗೇ ಹಾಕಿ, ಹಳೆಯದಾದರೆ ಬೋರ್ಡ್ ಎಸೆಯಲಿ. ಅದಕ್ಕೆ ಬೋರ್ಡ್‌ನ ಗಡಿಯಾರ ಸರಿಯಿರಬೇಕು, ಇಂಟರ್ನೆಟ್‌ನಿಂದ ಸಮಯ ಸಿಗುವ ಮೊದಲು ಬಂದ ಕಮಾಂಡ್ ಏನಾಗುತ್ತದೆ ಅನ್ನುವುದನ್ನೂ ಬರೆಯಬೇಕು.

ಇನ್ನೊಂದು ಸಾಲು ಕಣ್ಣಿಗೆ ಚುಚ್ಚಿತು. "ಕ್ಯೂಓಎಸ್ 1 ಇರುವುದರಿಂದ ಕಮಾಂಡ್ ಖಂಡಿತ ತಲುಪುತ್ತದೆ." ಎಲ್ಲಿಗೆ ತಲುಪುತ್ತದೆ ಗುರುಗಳೇ? ಫೋನ್‌ಗೆ ಬರುವ ಒಪ್ಪಿಗೆ ಬ್ರೋಕರ್‌ನದು. ಬೋರ್ಡ್‌ಗೆ ಹೋಯಿತೋ ಇಲ್ಲವೋ ಅದು ಹೇಳುವುದಿಲ್ಲ. ಪಬ್‌ಸಬ್‌ಕ್ಲೈಂಟ್ ಪಬ್ಲಿಷ್ ಮಾಡುವುದೂ ಕ್ಯೂಓಎಸ್ 0ರಲ್ಲಿ ಮಾತ್ರ, ಬೋರ್ಡ್‌ನಿಂದ ಬರುವ ಉತ್ತರಕ್ಕೆ ಗ್ಯಾರಂಟಿಯೇ ಇಲ್ಲ. ಇನ್ನು ಕ್ಯೂಓಎಸ್ 1ರಲ್ಲಿ ಒಂದೇ ಮೆಸೇಜ್ ಎರಡು ಸಲ ಬರಬಹುದು. ನಿಮ್ಮ ಟಾಗಲ್ ಕಮಾಂಡ್ (ಆಫ್ ಇದ್ದರೆ ಆನ್, ಆನ್ ಇದ್ದರೆ ಆಫ್) ಎರಡು ಸಲ ಬಂದರೆ ಮೋಟರ್ ಹತ್ತಿ ಆರುತ್ತದೆ. ಟಾಗಲ್ ತೆಗೆದೇ ಬಿಡಿ.

ನಾನು ಈಗ ಡಾಕ್ಯುಮೆಂಟ್ ಬರೆಯುವುದು ಪ್ಲಗ್ ಕೈಯಲ್ಲಿ ಹಿಡಿದುಕೊಂಡು. ಮನೆಯಲ್ಲಿ ನಗುತ್ತಾರೆ, ನಗಲಿ. ಮೂರು ಪ್ಲಗ್: ಬೋರ್ಡ್‌ನದು, ಬ್ರೋಕರ್ ಓಡುವ ಮಷೀನ್‌ನದು, ರೌಟರ್‌ನದು. ಒಂದೊಂದನ್ನೂ ಕಮಾಂಡ್ ಕಳಿಸುವ ಮೊದಲು ಕಿತ್ತು ನೋಡುತ್ತೇನೆ, ಕಳಿಸಿದ ಮೇಲೆ ಕಿತ್ತು ನೋಡುತ್ತೇನೆ. ಪ್ರತಿ ಸಲ ಮೂರೇ ವಿಷಯ ಬರೆದುಕೊಳ್ಳುವುದು. ಫೋನ್ ಏನು ತೋರಿಸಿತು, ಲಾಗ್‌ನಲ್ಲಿ ಏನು ಬಂತು, ರಿಲೇ (ಮೋಟರ್ ಹಾಕಿ ತೆಗೆಯುವ ಸ್ವಿಚ್) ಏನು ಮಾಡಿತು. ವಾಪಸ್ ಹಾಕಿದಾಗಲೂ ಅಷ್ಟೇ. ಬೋರ್ಡ್ ಪ್ಲಗ್ ಕಿತ್ತ ದಿನವೇ ಒಂದು ಪಾಠ ಆಯಿತು. ಪಬ್‌ಸಬ್‌ಕ್ಲೈಂಟ್‌ನ ಡೀಫಾಲ್ಟ್ ಕೀಪ್‌ಅಲೈವ್ (ಬದುಕಿದ್ದೇನೆ ಅಂತ ಬ್ರೋಕರ್‌ಗೆ ತಿಳಿಸಬೇಕಾದ ಅವಧಿ) 15 ಸೆಕೆಂಡ್. ಬ್ರೋಕರ್ ಅದರ ಒಂದೂವರೆ ಪಟ್ಟು ಕಾಯುತ್ತದೆ, ಆಮೇಲೇ ಲಾಸ್ಟ್ ವಿಲ್ (ಬೋರ್ಡ್ ಸತ್ತರೆ ಕಳಿಸು ಅಂತ ಮೊದಲೇ ಕೊಟ್ಟಿಟ್ಟ ಮೆಸೇಜ್) ಹೊರಗೆ ಬರುವುದು. ಇಪ್ಪತ್ತೆರಡು ಸೆಕೆಂಡ್‌ವರೆಗೂ ಸತ್ತ ಬೋರ್ಡ್ ಫೋನಿನಲ್ಲಿ ಹಸಿರಾಗಿಯೇ ಇರುತ್ತದೆ. ನೀವು "ಆಫ್‌ಲೈನ್ ಆದರೆ ತಕ್ಷಣ ತಿಳಿಯುತ್ತದೆ" ಅಂತ ಬರೆದಿದ್ದೀರಿ. ಕಿತ್ತು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಎಂಕ್ಯೂಟಿಟಿ ಹುಟ್ಟಿದ್ದೇ 1999ರಲ್ಲಿ, ಸ್ಯಾಟಲೈಟ್ ಮೂಲಕ ಎಣ್ಣೆ ಪೈಪ್‌ಲೈನ್ ಮೇಲೆ ಕಣ್ಣಿಡುವುದಕ್ಕೆ. ಲೈನ್ ಹೋಗುತ್ತದೆ ಬರುತ್ತದೆ ಅಂತ ಒಪ್ಪಿಕೊಂಡೇ ಕಟ್ಟಿದ್ದು ಅದು. ಮಂಡ್ಯದಲ್ಲಿ ಬರೆದ ನಿಮ್ಮ ರೀಡ್‌ಮಿಯಲ್ಲಿ ಮಾತ್ರ ಕರೆಂಟ್ ಹೋಗುವುದೇ ಇಲ್ಲ!

ಫಂಕ್ಷನ್‌ಗಳ ಪಟ್ಟಿ ಟೂಲ್‌ನಿಂದ ತೆಗೆದು ಸುರಿದಿದ್ದೀರಿ, ಅದು ಕೊನೆಗೆ ಹೋಗಲಿ. ಮೊದಲ ಪುಟದಲ್ಲಿ ಟಾಪಿಕ್‌ಗಳ ಪಟ್ಟಿ ಬೇಕು. ಟಾಪಿಕ್ ಹೆಸರು, ಕಳಿಸುವವರು ಯಾರು, ಕೇಳುವವರು ಯಾರು, ರಿಟೇನ್ ಇದೆಯೋ ಇಲ್ಲವೋ, ಮೆಸೇಜ್ ಬರದಿದ್ದರೆ ಏನಾಗುತ್ತದೆ. ಈ ಕೊನೆಯ ಕಾಲಂ ಬರೆಯುವಾಗ ಕೈ ನಿಲ್ಲುತ್ತದೆ, ನೋಡಿ. ನಿಂತ ಕಡೆಯೆಲ್ಲ ಕೋಡ್‌ನಲ್ಲೇ ತೂತು ಇರುತ್ತದೆ.

ಮಾದರಿ ಬೇಕಾದರೆ ರ್‍ಯಾಬಿಟ್‌ಎಂಕ್ಯೂ ಅನ್ನುವ ಇನ್ನೊಂದು ಬ್ರೋಕರ್‌ನ ಪಾಠಗಳನ್ನು ಓದಿ. ಎರಡನೇ ಪಾಠದಲ್ಲೇ ಕೆಲಸದ ಮಧ್ಯೆ ವರ್ಕರ್ (ಮೆಸೇಜ್ ತೆಗೆದುಕೊಂಡು ಕೆಲಸ ಮಾಡುವ ಪ್ರೋಗ್ರಾಂ) ಸತ್ತರೆ ಮೆಸೇಜ್ ಏನಾಗುತ್ತದೆ ಅಂತ ತೋರಿಸುತ್ತಾರೆ. ಓದುವುದಕ್ಕೆ ಮಾತ್ರ, ಪಂಪ್‌ಗೆ ಮಸ್ಕಿಟೋ ಅನ್ನುವ ಪುಟ್ಟ ಬ್ರೋಕರ್ ಸಾಕು. ಯಾರೋ ಗುಂಪಿನಲ್ಲಿ ಕಾಫ್ಕಾ (ಭಾರೀ ಪ್ರಮಾಣದ ಮೆಸೇಜ್‌ಗಳಿಗೆ ಬಳಸುವ ವ್ಯವಸ್ಥೆ) ಹಾಕಿ ಅಂದಿದ್ದಾರೆ. ಒಂದು ಬಿಂದಿಗೆ ನೀರಿಗೆ ಕೆಆರ್‌ಎಸ್ ಗೇಟ್ ಎತ್ತಿಸಿದ ಹಾಗಾಗುತ್ತದೆ. ಮಸ್ಕಿಟೋ ಯಾವ ವರ್ಷನ್ ಅಂತ ಬರೆಯಿರಿ. 2.0 ಬಂದ ಮೇಲೆ ಕಾನ್ಫಿಗ್ ಕೊಡದೆ ಓಡಿಸಿದರೆ ಅದು ಅದೇ ಮಷೀನ್‌ನ ಕನೆಕ್ಷನ್ ಮಾತ್ರ ತೆಗೆದುಕೊಳ್ಳುತ್ತದೆ. ನಿಮ್ಮ ರೀಡ್‌ಮಿ ನೋಡಿ ಹಾಕಿದ ಹುಡುಗರು ಬೋರ್ಡ್ ಕೆಟ್ಟಿದೆ ಅಂತ ಹೊಸ ಬೋರ್ಡ್ ತರುತ್ತಾರೆ. ಪಬ್ಲಿಕ್ ಟೆಸ್ಟ್ ಬ್ರೋಕರ್ ವಿಳಾಸವನ್ನಂತೂ ಉದಾಹರಣೆಯಲ್ಲಿ ಇಡಬೇಡಿ. ಪಕ್ಕದೂರಿನವನೇನು, ಯಾವ ದೇಶದವನಾದರೂ ನಿಮ್ಮ ಮೋಟರ್ ಹಾಕಬಹುದು. ಕ್ಲೈಂಟ್ ಐಡಿಯನ್ನೂ (ಬ್ರೋಕರ್ ಬೋರ್ಡನ್ನು ಗುರುತಿಸುವ ಹೆಸರು) ಎಲ್ಲರಿಗೂ ಒಂದೇ ಇಟ್ಟು ಕೊಡಬೇಡಿ. ಎರಡು ಬೋರ್ಡ್‌ಗೆ ಒಂದೇ ಐಡಿ ಆದರೆ ಬ್ರೋಕರ್ ಹಳೆಯದನ್ನು ತಳ್ಳುತ್ತದೆ, ಅದು ವಾಪಸ್ ಬಂದು ಇದನ್ನು ತಳ್ಳುತ್ತದೆ, ದಿನವಿಡೀ ಅದೇ ಜಗಳ.

ಎರರ್ ಮೆಸೇಜ್‌ಗಳನ್ನು ಕನ್ನಡದಲ್ಲಿ ಕಳಿಸುತ್ತಿದ್ದೀರಿ, ನೋಡಿ ಖುಷಿಯಾಯಿತು. ಆದರೆ ಪಬ್‌ಸಬ್‌ಕ್ಲೈಂಟ್‌ನ ಬಫರ್ (ಮೆಸೇಜ್ ತುಂಬಿಡುವ ಜಾಗ) ಡೀಫಾಲ್ಟ್ 256 ಬೈಟ್, ಟಾಪಿಕ್ ಹೆಸರೂ ಅದರಲ್ಲೇ ಹಿಡಿಯಬೇಕು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಎಲ್ಲ ಮೂರು ಮೂರು ಬೈಟ್. "ಕ್ಷ" ಒಂದೇ (ಕ, ಒತ್ತಿನ ಚಿಹ್ನೆ, ಷ ಸೇರಿ) ಒಂಬತ್ತು ಬೈಟ್ ತಿನ್ನುತ್ತದೆ. ಎರಡು ಸಾಲಿನ ಮೆಸೇಜ್ ಆದರೆ ಪಬ್ಲಿಷ್ ಫಾಲ್ಸ್ ಕೊಟ್ಟು ಸುಮ್ನೆ ಕೂರುತ್ತದೆ, ನೀವು ಆ ಉತ್ತರವನ್ನು ನೋಡುತ್ತಲೇ ಇಲ್ಲ. ಬಫರ್ ದೊಡ್ಡದು ಮಾಡಿ, ಇಲ್ಲವೇ ನಂಬರ್ ಕಳಿಸಿ ಫೋನಿನಲ್ಲಿ ಕನ್ನಡ ಮಾಡಿ. ನಾನು ಎರಡನೆಯದನ್ನೇ ಮಾಡುವುದು.

ಇದೆಲ್ಲ ನಿಧಾನವಾಗಿ ಬರೆಯಿರಿ, ಆದರೆ ಒಂದು ಕೆಲಸ ಇವತ್ತೇ ಆಗಬೇಕು. ರೀಡ್‌ಮಿ ತಿದ್ದಿದರೂ, ಕೋಡ್ ತಿದ್ದಿದರೂ, ಮೊದಲೇ ಕಳಿಸಿದ ಆ ಆನ್ ಬ್ರೋಕರ್‌ನಲ್ಲಿ ಹಾಗೇ ಕೂತಿರುತ್ತದೆ. ಅದೇ ಟಾಪಿಕ್‌ಗೆ ರಿಟೇನ್ ಹಾಕಿ ಖಾಲಿ ಮೆಸೇಜ್ ಕಳಿಸಿದರೆ ಮಾತ್ರ ಹೋಗುತ್ತದೆ. ಖಾಲಿ ಅಂದರೆ ಸೊನ್ನೆ ಬೈಟ್, ಸ್ಪೇಸ್ ಅಲ್ಲ. ಈಗಾಗಲೇ ನಾಲ್ಕು ಜನ ನಿಮ್ಮ ಲೈಬ್ರರಿ ಹಾಕಿಕೊಂಡೆವು ಅಂದಿದ್ದಾರೆ, ಅವರಿಗೂ ಫೋನ್ ಮಾಡಿ ಹೇಳಿ. ರಾತ್ರಿ ತ್ರೀ ಫೇಸ್ ಬರುವುದರೊಳಗೆ.