ಓದುಗರ ಪ್ರಶ್ನೆ: ಶಾಂಘೈನಿಂದ ಬೀಜಿಂಗಿಗೆ ರೈಲೋ, ವಿಮಾನವೋ?

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದೊಂದು ಫೌಂಡ್ರಿ ಇದೆ. ಹೊಸ ಯಂತ್ರಗಳನ್ನು ನೋಡಲು ಅಣ್ಣನೊಂದಿಗೆ ಶಾಂಘೈಗೆ ಹೋಗಿ, ಅಲ್ಲಿಂದ ಬೀಜಿಂಗಿಗೆ ತೆರಳಬೇಕಾಗಿದೆ. ವಿಮಾನ ಒಳ್ಳೆಯದೋ, ವೇಗದ ರೈಲು ಒಳ್ಳೆಯದೋ? ನಮಗೆ ಚೀನೀ ಭಾಷೆ ಬಾರದು, ಇಬ್ಬರೂ ಸಸ್ಯಾಹಾರಿಗಳು.
– ಓದುಗರು, ಬೆಳಗಾವಿ

ಉತ್ತರ: ರೈಲನ್ನೇ ಆರಿಸಿಕೊಳ್ಳಿ. 2011ರ ಜೂನ್ 30ರಂದು ಆರಂಭವಾದ ಈ ಮಾರ್ಗದ ಉದ್ದ 1,318 ಕಿ.ಮೀ. ಇದು ಬೆಳಗಾವಿಯಿಂದ ಬೆಂಗಳೂರಿಗೆ ಇರುವ ರೈಲು ದಾರಿಯ ಎರಡು ಪಟ್ಟಿಗೂ ಹೆಚ್ಚು. ಗಂಟೆಗೆ 350 ಕಿ.ಮೀ. ವೇಗದವರೆಗೆ ಓಡುವ, ನಿಲುಗಡೆ ಕಡಿಮೆ ಇರುವ ಗಾಡಿಗಳು ಇದನ್ನು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಗಿಸುತ್ತವೆ. ವಿಮಾನದ ಹಾರಾಟ ಇದಕ್ಕಿಂತ ಬೇಗ ಮುಗಿಯುತ್ತದೆ ನಿಜ, ಆದರೆ ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಹಾಗೂ ಅಲ್ಲಿ ಕಾಯುವ ಹೊತ್ತನ್ನು ಕೂಡಿಸಿದರೆ ಆ ಲಾಭ ಉಳಿಯುವುದಿಲ್ಲ.

ಟಿಕೆಟನ್ನು ರೈಲ್ವೆಯದೇ ಆದ 12306 ಎಂಬ ಜಾಲತಾಣ ಅಥವಾ ಆ್ಯಪಿನಲ್ಲಿ ಕಾಯ್ದಿರಿಸಬಹುದು. ಅದರಲ್ಲಿ ಇಂಗ್ಲಿಷ್ ಆವೃತ್ತಿಯೂ ಇದೆ. ಸಾಮಾನ್ಯವಾಗಿ ಪ್ರಯಾಣಕ್ಕೆ 15 ದಿನ ಮೊದಲು ಮಾರಾಟ ಆರಂಭವಾಗುತ್ತದೆ. ಚೀನೀ ಹೊಸ ವರ್ಷದ ಆಸುಪಾಸು ಹಾಗೂ ಅಕ್ಟೋಬರ್ ಮೊದಲ ವಾರದ ರಜೆಗಳಲ್ಲಿ ಸೀಟು ಸಿಗುವುದು ಕಷ್ಟವಾದ್ದರಿಂದ, ಸಾಧ್ಯವಿದ್ದರೆ ಆ ದಿನಗಳನ್ನು ಬಿಟ್ಟು ಹೊರಡಿ. ಮುಖ್ಯವಾಗಿ ಗಮನಿಸಬೇಕಾದದ್ದು ಹೆಸರು. ಅಲ್ಲಿ ಕಾಗದದ ಟಿಕೆಟ್ ಬೇಕಿಲ್ಲ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ನಮ್ಮ ಭಾಗದವರ ಪಾಸ್‌ಪೋರ್ಟುಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಒಬ್ಬೊಬ್ಬರದು ಒಂದೊಂದು ಕ್ರಮದಲ್ಲಿರುತ್ತವೆ. ಆದ್ದರಿಂದ ಊರಲ್ಲಿ ಕರೆಯುವ ಹೆಸರನ್ನಾಗಲಿ, ಆಧಾರ್ ಕಾರ್ಡಿನ ಹೆಸರನ್ನಾಗಲಿ ಬರೆಯದೆ, ಪಾಸ್‌ಪೋರ್ಟಿನಲ್ಲಿರುವುದನ್ನೇ ಅಕ್ಷರ ಬಿಡದೆ ನಮೂದಿಸಿ, ಪಾಸ್‌ಪೋರ್ಟ್ ಸಂಖ್ಯೆಯನ್ನು ಅಣ್ಣನಿಂದಲೂ ಒಮ್ಮೆ ಓದಿಸಿ. ನೋಂದಣಿಯ ಪರಿಶೀಲನೆಗೆ ಸಮಯ ಹಿಡಿಯಬಹುದು, ಅದನ್ನು ಬೆಳಗಾವಿಯಲ್ಲಿರುವಾಗಲೇ ಮುಗಿಸಿಕೊಳ್ಳಿ.

ಶಾಂಘೈನಲ್ಲಿ ರೈಲು ನಿಲ್ದಾಣ ಒಂದೇ ಅಲ್ಲ. ಬೀಜಿಂಗಿನ ಹೆಚ್ಚಿನ ವೇಗದ ಗಾಡಿಗಳು ಹೊಂಗ್‌ಚಿಯಾವ್ ನಿಲ್ದಾಣದಿಂದ ಹೊರಟು ಬೀಜಿಂಗ್ ದಕ್ಷಿಣ ನಿಲ್ದಾಣಕ್ಕೆ ತಲುಪುತ್ತವೆ. ನೀವು ವಿದೇಶದಿಂದ ಬಂದಿಳಿಯುವ ಪುಡಾಂಗ್ ವಿಮಾನ ನಿಲ್ದಾಣ ನಗರದ ಮತ್ತೊಂದು ತುದಿಯಲ್ಲಿದ್ದು, ಮೆಟ್ರೊದಲ್ಲಿ ಹೊಂಗ್‌ಚಿಯಾವ್‌ಗೆ ಬರಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ನಿಲ್ದಾಣದ ಬಾಗಿಲಲ್ಲಿ ಸಾಮಾನು ತಪಾಸಣೆ ನಡೆಯುತ್ತದೆ, ಚಾಕುವಿನಂಥ ಹರಿತವಾದ ವಸ್ತುಗಳನ್ನು ಒಳಗೆ ಬಿಡುವುದಿಲ್ಲ. ನಂತರ ಕಾಯುವ ಸಭಾಂಗಣದಲ್ಲಿ ನಿಮ್ಮ ಗಾಡಿಯ ಸಂಖ್ಯೆ ಫಲಕದಲ್ಲಿ ಮೂಡುವವರೆಗೆ ಕುಳಿತಿರಬೇಕು. ಗೇಟು ತೆರೆದಾಗ ಯಂತ್ರ ನಿಮ್ಮ ಪಾಸ್‌ಪೋರ್ಟನ್ನು ಓದದಿದ್ದರೆ ಗಾಬರಿಯಾಗದೆ, ಪಕ್ಕದಲ್ಲೇ ಸಿಬ್ಬಂದಿ ನಿಂತಿರುವ ದಾರಿಗೆ ಹೋಗಿ ಅದನ್ನು ತೋರಿಸಿ. ಗಾಡಿ ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ; ನಮ್ಮಲ್ಲಿನಂತೆ ಓಡಿ ಬಂದು ಹತ್ತಲು ಆಗುವುದಿಲ್ಲ. ಒಂದು ಗಂಟೆ ಮೊದಲೇ ಅಲ್ಲಿರಿ.

ಎರಡನೆಯ ದರ್ಜೆಯೇ ಸಾಕಷ್ಟು ಆರಾಮದಾಯಕ. ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಆಸನಗಳಿರುತ್ತವೆ. ಎ ಮತ್ತು ಎಫ್ ಕಿಟಕಿ ಪಕ್ಕದವು.

ಊಟದ ಮಾತು: ಗಾಡಿಯಲ್ಲಿ ಸಿಗುವ ಊಟದ ಡಬ್ಬಿಗಳಲ್ಲಿ ಬಹುತೇಕ ಮಾಂಸವಿರುತ್ತದೆ. ಆದರೆ ಬೋಗಿಗಳಲ್ಲಿ ಕುದಿಯುವ ನೀರಿನ ನಲ್ಲಿ ಇರುತ್ತದೆ, ಅದಕ್ಕೆ ಹಣವಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣಗಳಿದ್ದರೆ ನಿಮ್ಮಿಬ್ಬರಿಗೆ ಧಾರಾಳವಾಯಿತು. ಹಾಲಿನ ಪದಾರ್ಥಗಳನ್ನು ಚೀನಾದ ಕಸ್ಟಮ್ಸ್ ಬಿಡುವುದಿಲ್ಲವಾದ್ದರಿಂದ ಕುಂದಾ ಮಾತ್ರ ಬೇಡ.

ಪ್ರಶ್ನೆ: ಬೀಜಿಂಗಿನಿಂದ ಷಿಯಾನ್‌ಗೆ ಹತ್ತು ವರ್ಷದ ಮಗಳೊಂದಿಗೆ ಹೋಗಬೇಕಿದೆ. ಅವಳಿಗೂ ಪೂರ್ಣ ಟಿಕೆಟ್ ಬೇಕೇ?
– ಓದುಗರು, ವಿಜಯಪುರ

ಉತ್ತರ: ಬೇಡ. 2023ರಿಂದ ಅಲ್ಲಿ ಮಕ್ಕಳ ರಿಯಾಯಿತಿಯನ್ನು ಎತ್ತರದಿಂದಲ್ಲ, ವಯಸ್ಸಿನಿಂದ ನಿರ್ಧರಿಸಲಾಗುತ್ತದೆ. 6 ವರ್ಷ ತುಂಬಿದ, 14 ತುಂಬದ ಮಕ್ಕಳಿಗೆ ರಿಯಾಯಿತಿ ದರದ ಟಿಕೆಟ್ ಇದ್ದು, ಪ್ರತ್ಯೇಕ ಆಸನವೂ ಸಿಗುತ್ತದೆ. ಅದನ್ನು ಮಗಳ ಪಾಸ್‌ಪೋರ್ಟಿನ ಮೇಲೆಯೇ, ನಿಮ್ಮ ಟಿಕೆಟಿನ ಜೊತೆಗೇ ಕಾಯ್ದಿರಿಸಿ.