ಮೊದಲು ಅಪ್ಪನ ಕ್ಯಾಲೆಂಡರ್ ಓದಿ

ಆರು ಎಕರೆ ದ್ರಾಕ್ಷಿ ತೋಟ ನಿಮ್ಮ ಕೈಗೆ ಬರುತ್ತಿದೆ, ಇರುವ ಹಣದಲ್ಲಿ ವೈನ್ ತಯಾರಿಕೆಯ ಕೋರ್ಸ್‌ಗೆ ಸೇರಲೇ, ಸ್ಟೀಲ್ ಟ್ಯಾಂಕ್ ಕೊಳ್ಳಲೇ ಎಂದು ಕೇಳಿದ್ದೀರಿ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ.

ನಮ್ಮದು ವಿಜಯಪುರ ಜಿಲ್ಲೆ. ಅಜ್ಜನ ಕಾಲದಿಂದ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿ ಬೆಳೆಯುತ್ತೇವೆ. ದರ ಬಿದ್ದ ವರ್ಷ ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ನಮ್ಮ ಕಡೆಯೂ ವೈನ್ ತಳಿಗಳ ಮಾತು ಶುರುವಾಗಿತ್ತು. ನಾನು ಓದುತ್ತಿದ್ದಾಗಲೇ ಅಪ್ಪ ನನಗೋಸ್ಕರ ಒಂದೂವರೆ ಎಕರೆಯಲ್ಲಿ ಶಿರಾಜ್ ಎಂಬ ಕೆಂಪು ವೈನ್ ತಳಿ ನೆಟ್ಟಿದ್ದರು. ಊರಿಗೆ ಬಂದೆ, ಪರವಾನಗಿಗೆ ಅಲೆದೆ, ಸಾಲ ಮಾಡಿ ಸಣ್ಣ ವೈನರಿ ಕಟ್ಟಿದೆ. “ಅಪ್ಪಾ, ತೋಟ ನೀವು ನೋಡಿಕೊಳ್ಳಿ, ಟ್ಯಾಂಕು ನಾನು ನೋಡಿಕೊಳ್ಳುತ್ತೇನೆ” ಎಂದೆ. ನನ್ನ ತಪ್ಪು ಇದೇ ಮಾತು.

ಚಳಿಗಾಲದ ಒಣ ಹವೆಗೆ ನಮ್ಮಲ್ಲಿ ಬೂದಿ ರೋಗ ಬರುತ್ತದೆ. ಅದಕ್ಕೆ ಗಂಧಕ ಹೊಡೆಯುತ್ತಾರೆ. ಅಪ್ಪನಿಗೆ ಗಂಧಕವೆಂದರೆ ಮನೆ ಕಾಯುವ ದೇವರು. ಮಣೂಕಕ್ಕೆ ಹೊಂಬಣ್ಣ ಬರಲಿ ಎಂದು ಹೊಗೆ ಹಾಕುವುದೂ ಅದರಿಂದಲೇ. ಆ ವರ್ಷ ಫೆಬ್ರವರಿಯಲ್ಲಿ ಶಿರಾಜ್ ಗೊನೆಗಳ ಮೇಲೆ ಅಲ್ಲಲ್ಲಿ ಬೂದಿ ಕಂಡಿತು. ಮಗನ ಮೊದಲ ಬೆಳೆ ಹಾಳಾಗಬಾರದೆಂದು ಅಪ್ಪ ಕೊಯ್ಲಿಗೆ ಹನ್ನೆರಡು ದಿನ ಮುಂಚೆ ಇನ್ನೊಂದು ಸಲ ಗಂಧಕ ಹೊಡೆದರು. ಅವರು ತಿಳಿದ ಮಟ್ಟಿಗೆ ಅದು ಸರಿಯಾದ ಕೆಲಸ. ನಾನು ಕೇಳಲಿಲ್ಲ. ಪಂಪ್‌ಹೌಸ್ ಗೋಡೆಯ ಕ್ಯಾಲೆಂಡರ್‌ನಲ್ಲಿ ಅವರು ತಾರೀಖಿನ ಕೆಳಗೆ ಬರೆದಿಟ್ಟೂ ಇದ್ದರು. ಎರಡು ನೂರು ಹೆಜ್ಜೆ ನಡೆದು ಹೋಗಿ ನೋಡಿದ್ದರೆ ಸಾಕಿತ್ತು.

ಬಿಳಿ ವೈನ್ ಆಗಿದ್ದರೆ ಬಹುಶಃ ಬಚಾವಾಗುತ್ತಿದ್ದೆ. ಅಲ್ಲಿ ಹಣ್ಣನ್ನು ಹಿಂಡಿ, ರಸವನ್ನು ತಂಪಿನಲ್ಲಿ ತಿಳಿಯಾಗಲು ಬಿಟ್ಟು, ತಳದಲ್ಲಿ ನಿಂತ ಗಷ್ಟಿನಿಂದ ಬೇರ್ಪಡಿಸುತ್ತೇವೆ. ಗಂಧಕದ ಬಹುಪಾಲು ಗಷ್ಟಿನಲ್ಲೇ ಉಳಿಯುತ್ತದೆ. ಕೆಂಪು ವೈನ್ ಹುದುಗುವುದು ಸಿಪ್ಪೆಯ ಸಮೇತ. ಸಿಪ್ಪೆಗೆ ಅಂಟಿದ ಗಂಧಕವೂ ಟ್ಯಾಂಕಿಗೆ ಇಳಿಯಿತು, ಯೀಸ್ಟ್ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡಿತು. ಮೂರನೆಯ ದಿನ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಯೀಸ್ಟ್‌ಗೆ ಸಾರಜನಕ ಸಾಲದಿದ್ದರೂ ಇದೇ ವಾಸನೆ ಬರುತ್ತದೆ ಎಂದು ಓದಿದ್ದೆ. ಓದಿದ್ದನ್ನೇ ನಂಬಿ ಪೋಷಕಾಂಶ ಸುರಿದೆ, ಕಾದೆ. ಹುದುಗು ಮುಗಿದ ಕೂಡಲೇ ಗಾಳಿಯಾಡಿಸಿ ಬೇರೆ ಟ್ಯಾಂಕಿಗೆ ಇಳಿಸಿದ್ದರೆ, ಅಳತೆ ನೋಡಿ ತೀರ ಅಲ್ಪ ತಾಮ್ರದ ಸಲ್ಫೇಟ್ ಕೊಟ್ಟಿದ್ದರೆ ಉಳಿಯುತ್ತಿತ್ತೇನೋ. ತಿಂಗಳುಗಟ್ಟಲೆ ಬಿಟ್ಟೆ. ಮೊಟ್ಟೆಯ ವಾಸನೆ ಹೋಗಿ ಹಳಸಿದ ಈರುಳ್ಳಿಯ ವಾಸನೆ ನೆಲೆಸಿತು. ಅಷ್ಟು ದೂರ ಹೋದದ್ದನ್ನು ತಾಮ್ರವೂ ಸರಿಪಡಿಸಲಾರದು. ನಾಲ್ಕು ಟನ್ ಹಣ್ಣಿನ 2,600 ಲೀಟರ್ ವೈನ್ ಚೆಲ್ಲಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. “ನನಗೊಂದು ಮಾತು ಹೇಳಿದ್ದರೆ ಹೊಡೆಯುತ್ತಿರಲಿಲ್ಲವಲ್ಲ” ಎಂದರು. ಅದು ನನಗೆ ಇಂದಿಗೂ ನೋಯುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋರ್ಸ್ ಮುಂದೆಯೂ ಮಾಡಬಹುದು, ಟ್ಯಾಂಕು ಮುಂದಿನ ವರ್ಷವೂ ಸಿಗುತ್ತದೆ. ಏಪ್ರಿಲ್‌ನಲ್ಲಿ ಬಳ್ಳಿ ಸವರುವ ಚಾಟನಿಯಿಂದ ಕೊಯ್ಲಿನವರೆಗೆ ಒಂದು ಪೂರ್ತಿ ವರ್ಷ ಔಷಧಿ ಹೊಡೆಯುವ ಪಂಪು ನಿಮ್ಮ ಹೆಗಲ ಮೇಲಿರಲಿ. ಯಾವ ಸಾಲಿಗೆ ಬೂದಿ ಮೊದಲು ಬರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ನಿಮ್ಮ ಅಪ್ಪನಿಗೆ ಗೊತ್ತು. ಯಾವ ಕೋರ್ಸ್‌ನಲ್ಲೂ ಅದನ್ನು ಕಲಿಸುವುದಿಲ್ಲ. ಥಾಮ್ಸನ್ ಬಳ್ಳಿಗಳನ್ನಂತೂ ಕೀಳಬೇಡಿ. ನನ್ನ ಸಾಲದ ಕಂತು ಕಟ್ಟಿದ್ದು ಮಣೂಕ.

ಈಗ ನಮ್ಮಲ್ಲಿ ಶಿರಾಜ್‌ಗೆ ಕೊಯ್ಲಿನ ಐದು ವಾರ ಮುಂಚೆಯೇ ಗಂಧಕ ನಿಲ್ಲುತ್ತದೆ. ಆ ತಾರೀಖಿಗೆ ಕೆಂಪು ಗುರುತು ಹಾಕುವವರು ಅಪ್ಪನೇ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಇಂದೇ ಫೋನ್ ಮಾಡಿ, ಹಳೆಯದನ್ನು ಎಸೆಯಬೇಡಿ ಎಂದು ಹೇಳಿ.